ವಿಡಿಯೊ ನೋಡಿ ಮಗು ಮಾತು ಕಲಿಯುತ್ತದೆಯೇ? ಅನುಭವ ತಿಳಿಸಿ

ನಮ್ಮ ಮಗಳಿಗೆ ಎರಡು ವರ್ಷ ತುಂಬುತ್ತಿದೆ. ಮೊಬೈಲಿನಲ್ಲಿ ಶಿಶುಗೀತೆಗಳನ್ನು ದಿನವೂ ನೋಡಿದರೂ ಅವುಗಳಲ್ಲಿನ ಪದಗಳನ್ನು ಅವಳು ಬಳಸುವುದಿಲ್ಲ. ಪರದೆಯೇ ಬೇಡವೆಂದು ಊರಿನ ಅಜ್ಜ-ಅಜ್ಜಿಯರ ವಿಡಿಯೊ ಕರೆಯನ್ನೂ ನಿಲ್ಲಿಸಬೇಕೇ?

ಉತ್ತರ 1

ದಯವಿಟ್ಟು ಕರೆಯನ್ನು ನಿಲ್ಲಿಸಬೇಡಿ. ಶಿಶುಗೀತೆಯೂ ಅಜ್ಜಿಯ ಮುಖವೂ ಒಂದೇ ಪರದೆಯ ಮೇಲೆ ಮೂಡಿದರೂ, ಮಗು ಎತ್ತಿ ತೋರಿಸಿದ ಬಟ್ಟಲನ್ನು ಕಂಡು ಅದರಲ್ಲೇನಿದೆ ಎಂದು ಕೇಳಿ, ಮಗುವಿನ ಅರೆಬರೆ ಉತ್ತರಕ್ಕೆ ಕಾಯುವವರು ಅಜ್ಜಿ ಮಾತ್ರ. ರೋಸ್‌ಬೆರಿ, ಹರ್ಷ್-ಪಾಸೆಕ್ ಮತ್ತು ಗೋಲಿಂಕಾಫ್ 2014ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಎರಡರಿಂದ ಎರಡೂವರೆ ವರ್ಷದ ಮಕ್ಕಳು ಹೊಸ ಕ್ರಿಯಾಪದಗಳನ್ನು ಎದುರಿಗೆ ಕುಳಿತವರಿಂದಲೂ ವಿಡಿಯೊ ಕರೆಯಲ್ಲಿ ಮಾತನಾಡಿದವರಿಂದಲೂ ಕಲಿತರು. ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ.

ಸಾಗರದಲ್ಲಿರುವ ನಮ್ಮ ಅತ್ತೆಯವರು ಕರೆ ಮಾಡಿದಾಗ ಕೊಟ್ಟಿಗೆಗೆ ಹೋಗಿ, "ಕೂಸೇ, ಇಲ್ಲಿ ನೋಡು, ಕರು" ಎಂದು ತೋರಿಸುತ್ತಾರೆ. ನಾನು ಮಗಳ ಪಕ್ಕದಲ್ಲೇ ಕುಳಿತು ಅವರ ಮಾತನ್ನು ಮತ್ತೊಮ್ಮೆ ಹೇಳುತ್ತೇನೆ. ಸಂಜೆ ನಮ್ಮ ಬೀದಿಯಲ್ಲಿ ಕರು ಕಂಡಾಗ ಅಜ್ಜಿಯ ಮನೆಯ ಕರುವನ್ನು ನೆನಪಿಸುತ್ತೇನೆ. ಹಾಗೆ ಎರಡು ಕಡೆ ಕೇಳಿದ ಪದಗಳೇ ಅವಳ ಬಾಯಲ್ಲಿ ಬೇಗ ಬಂದಿವೆ. ಮನೆಮಂದಿಯೆಲ್ಲ ಒಟ್ಟಿಗೆ ಮಾತನಾಡಿದರೆ ಮಾತ್ರ ಅವಳು ಮುಖ ತಿರುಗಿಸಿಬಿಡುತ್ತಾಳೆ. ಆದ್ದರಿಂದ ಒಬ್ಬೊಬ್ಬರೇ, ನಡುವೆ ಬಿಡುವು ಕೊಟ್ಟು ಮಾತನಾಡುವಂತೆ ಹಿರಿಯರಿಗೆ ತಿಳಿಸಿ.

ಉತ್ತರ 2

ಮೇಲಿನವರ ಮಾತು ನನಗೂ ಒಪ್ಪಿಗೆ. ಶಿಶುಗೀತೆಯ ವಿಷಯದಲ್ಲಿ ಒಂದು ಮಾತು: ಡಿಲೋಷ್ ಮತ್ತು ಸಂಗಡಿಗರ 2010ರ ಅಧ್ಯಯನದಲ್ಲಿ, ಪದ ಕಲಿಸಲೆಂದೇ ತಯಾರಿಸಿದ ಡಿವಿಡಿಯನ್ನು ನಾಲ್ಕು ವಾರ ನೋಡಿದ 12ರಿಂದ 18 ತಿಂಗಳ ಮಕ್ಕಳು ಅದನ್ನು ನೋಡದ ಮಕ್ಕಳಿಗಿಂತ ಹೆಚ್ಚೇನೂ ಕಲಿಯಲಿಲ್ಲ, ಡಿವಿಡಿಯಿಲ್ಲದೆ, ದಿನನಿತ್ಯದ ಕೆಲಸದ ನಡುವೆ ತಂದೆತಾಯಿಯೇ ಆ ಪದಗಳನ್ನು ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಹೆಚ್ಚು ಕಲಿತರು. ಆದುದರಿಂದ ಗೀತೆ ಬೇಕೆಂದರೆ ನೀವೇ ಹಾಡಿ, ಸ್ವರ ಹೇಗಿದ್ದರೂ ಚಿಂತೆಯಿಲ್ಲ.

ನಮ್ಮ ಕೈಯ ಮೊಬೈಲನ್ನೂ ನಾವು ಗಮನಿಸಬೇಕು. ತಾಯಿ ಹೊಸ ಪದ ಕಲಿಸುತ್ತಿರುವಾಗ ಫೋನ್ ಬಂದು ಪಾಠ ನಡುವೆಯೇ ನಿಂತರೆ ಎರಡು ವರ್ಷದ ಮಕ್ಕಳು ಆ ಪದವನ್ನು ಕಲಿಯಲಿಲ್ಲವೆಂದು 2017ರ ಇನ್ನೊಂದು ಅಧ್ಯಯನ ತೋರಿಸಿದೆ. ಅದನ್ನು ತಿಳಿದ ಮೇಲೆ ನಮ್ಮ ಮನೆಯಲ್ಲಿ ಊಟ ಮಾಡಿಸುವಾಗ ಮೊಬೈಲನ್ನು ಬೇರೆ ಕೋಣೆಯಲ್ಲಿಡುತ್ತಿದ್ದೇವೆ.

ಹೆಸರು ಕರೆದರೂ ಮಗು ತಿರುಗಿ ನೋಡದಿದ್ದರೆ, ಅಥವಾ ಪರದೆಯಿಲ್ಲದಾಗಲೂ ಪದಗಳು ಹೆಚ್ಚುತ್ತಿಲ್ಲವೆನಿಸಿದರೆ, ಕಾಯದೆ ಮಕ್ಕಳ ವೈದ್ಯರನ್ನು ಕಂಡು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳ ಮಾತು ಮತ್ತು ಶ್ರವಣ ಎರಡನ್ನೂ ಪರೀಕ್ಷಿಸುತ್ತಾರೆ.