ಪದ ಬೇಕು: ಎರಡು ಹೊಳ್ಳೆಗಳ ನಡುವಿನ ಪಟ್ಟಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಮೂಗಿನ ತುದಿಯ ಆಪರೇಷನ್‌ಗೆ ಬರುವವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಎರಡು ಹೊಳ್ಳೆಗಳ ನಡುವೆ, ತುದಿಯಿಂದ ಮೇಲ್ದುಟಿಯ ಕಡೆಗೆ ಇಳಿಯುವ ಸಣ್ಣ ಪಟ್ಟಿ ಇದೆಯಲ್ಲ, ಡಾಕ್ಟರುಗಳು ಅದನ್ನು ಕಾಲ್ಯುಮೆಲ್ಲಾ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪುಟ್ಟ ಕಂಬ ಅಂತ ಅರ್ಥ. ಓಪನ್ ವಿಧಾನದಲ್ಲಿ, ಅಂದರೆ ತುದಿಯ ಚರ್ಮ ಮೇಲೆತ್ತಿ ಮಾಡುವ ಆಪರೇಷನ್‌ನಲ್ಲಿ, ಹೊರಗೆ ಕಾಣುವ ಕೊಯ್ತ ಬೀಳುವುದು ಇಲ್ಲೇ. ಕಲೆ ಎದ್ದು ಕಾಣಬಾರದು ಅಂತ ನೇರ ಗೆರೆ ಬಿಟ್ಟು ಮೆಟ್ಟಿಲಿನ ಹಾಗೋ ತಲೆಕೆಳಗಾದ ‘ವಿ’ ಹಾಗೋ ಕೊಯ್ಯುತ್ತಾರೆ. ‘ಗಾಯ ಎಲ್ಲಿರುತ್ತೆ?’ ಅನ್ನುವುದೇ ಎಲ್ಲರ ಮೊದಲ ಪ್ರಶ್ನೆ. ಅದಕ್ಕೇ ಹೆಸರು ಬೇಕು.

‘ಮೂಗಿನ ಕಂಬ’ ಅಂತ ಬರೆದೆ. ಓದಿದವರು ಒಳಗಿನ ನಡುಗೋಡೆ ಅಂದುಕೊಂಡರು. ‘ಮೂಗಿನ ಮೂಳೆ ಬೆಂಡಾಗಿದೆ’ ಅಂತೀವಲ್ಲ, ಆ ಗೋಡೆ. ‘ಬುಲಾಕು ತೂಗುವ ಜಾಗ’ ಅಂದಾಗ ನಮ್ಮ ಅತ್ತೆ ತಕ್ಷಣ ಬೆರಳಿಟ್ಟು ತೋರಿಸಿದರು. ಹೆಸರು ಮಾತ್ರ ಅವರಿಗೂ ಹೊಳೆಯಲಿಲ್ಲ.

ತುದಿಯೊಳಗಿನ ಭಾಗಗಳಿಗೆ ಪದ ಸಿಕ್ಕಿವೆ, ನೋಡಿ ಹೇಳಿ. ತುದಿಯಲ್ಲಿ ಮೂಳೆಯೇ ಇಲ್ಲ. ಬೆರಳಲ್ಲಿ ಒತ್ತಿದರೆ ಬಾಗಿ ಮತ್ತೆ ಏಳುತ್ತದೆ. ಶಾಲೆಯಲ್ಲಿ ಮೃದ್ವಸ್ಥಿ ಅಂತ ಓದಿದ್ದು, ನಾನು ‘ಮೆತ್ತೆಲುಬು’ ಅಂತ ಬರೆದಿದ್ದೇನೆ. ಎಡಕ್ಕೊಂದು ಬಲಕ್ಕೊಂದು ಬಾಗಿದ ಮೆತ್ತೆಲುಬು ಇರುತ್ತದೆ. ಒಂದೊಂದಕ್ಕೂ ಮೂಗಿನ ನಡುವೆ ಇಳಿಯುವ ಒಂದು ಭಾಗ, ಹೊಳ್ಳೆಯ ಮೇಲೆ ಹರಡುವ ಇನ್ನೊಂದು ಭಾಗ. ಇವುಗಳ ಲ್ಯಾಟಿನ್ ಹೆಸರು ಕ್ರಸ್, ಅಂದರೆ ಕಾಲು. ನಡುವಿನವೆರಡೂ ಕೂಡಿ ಒಂದು ಕಾಲು, ಹೊರಗಿನವು ಎರಡು ಕಾಲು. ತುದಿ ಹೀಗೆ ಮೂರು ಕಾಲಿನ ಮೇಲೆ ನಿಂತಿದೆ ಅಂತ 1969ರಲ್ಲಿ ಅಮೆರಿಕದ ಸರ್ಜನ್ ಆಂಡರ್ಸನ್ ವಿವರಿಸಿದರು. ನಮ್ಮಲ್ಲಿ ‘ಮುಕ್ಕಾಲಿ’ ಇದ್ದೇ ಇದೆ, ಅಲ್ವಾ! ‘ನಡುಗಾಲು’, ‘ಹೊರಗಾಲು’ ಅಂದರೆ ಕೆಲಸವೂ ಕಣ್ಣಿಗೆ ಕಟ್ಟುತ್ತದೆ. ಹೊರಗಾಲು ಎರಡನ್ನೂ ಗಿಡ್ಡ ಮಾಡಿದರೆ ತುದಿ ಮೇಲಕ್ಕೆ ತಿರುಗುತ್ತದೆ. ನಡುಗಾಲು ಗಿಡ್ಡವಾದರೆ ಕೆಳಕ್ಕೆ ಬಾಗುತ್ತದೆ. ಜೋತುಬಿದ್ದ ತುದಿಗೆ, ಗೊನೆಯ ಭಾರಕ್ಕೆ ವಾಲಿದ ಬಾಳೆಗೆ ಕೊಡುವ ಹಾಗೆ, ನಡುಗೋಡೆಯಿಂದ ತೆಗೆದ ಮೆತ್ತೆಲುಬಿನ ತುಂಡನ್ನೇ ಊರುಗೋಲಾಗಿ ಕೊಡುತ್ತಾರೆ.

‘ನಡುಗಾಲು’ ಒಳಗಿನದಕ್ಕೆ ಹೋಯಿತು. ಹೊರಗೆ ಕಾಣುವ ಆ ಪಟ್ಟಿಗೆ ಅದನ್ನೇ ಇಟ್ಟರೆ ಮತ್ತೆ ಗೊಂದಲ. ಬುಲಾಕಿಗೆ ಚುಚ್ಚುವ ಅಕ್ಕಸಾಲಿಗರ ಮನೆಯಲ್ಲಿ, ಎತ್ತಿಗೆ ಮೂಗುದಾರ ಹಾಕುವವರ ಬಾಯಲ್ಲಿ ಆ ಜಾಗಕ್ಕೊಂದು ಹೆಸರು ಇದ್ದೇ ಇರಬೇಕು. ನಿಮ್ಮ ಕಡೆ ಏನಂತಾರೆ? ಊರಿನ ಹೆಸರೂ ಸೇರಿಸಿ ಬರೆಯಿರಿ.