ವಯಸ್ಸು 15, ಮನೆಯಲ್ಲೇ ಕಸರತ್ತು ಶುರು ಮಾಡಬೇಕು: ಅನುಭವ ಇದ್ದವರು ಹೇಳಿ

ಕುಮಟಾ ಹತ್ತಿರದ ಹಳ್ಳಿಯಿಂದ:

ಹತ್ತನೇ ಕ್ಲಾಸು, ಶಾಲೆಯ ಕಬಡ್ಡಿ ಟೀಮಿನಲ್ಲಿದ್ದೇನೆ. ಯಾರಾದರೂ ಹಿಡಿದರೆ ಬಿಡಿಸಿಕೊಳ್ಳುವಷ್ಟು ಶಕ್ತಿ ಇಲ್ಲ. ಜಿಮ್ಮಿಗೆ ಪೇಟೆಗೆ ಹೋಗಬೇಕು, ಮನೆಯಲ್ಲಿ ಬಿಡುವುದಿಲ್ಲ. ಡಂಬೆಲ್ ಇಲ್ಲ. ಈಗಲೇ ಭಾರ ಎತ್ತಿದರೆ ಎತ್ತರ ನಿಂತು ಹೋಗುತ್ತದೆ ಅಂತ ಅಜ್ಜಿ ಹೇಳುತ್ತಾರೆ. ಒಂದು ಪುಷ್‌ಅಪ್ ಕೂಡ ಸರಿಯಾಗಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಶಿರಸಿ ಕಡೆಯಿಂದ:

ತಂಗಿ, ಹದಿನಾರನೇ ವಯಸ್ಸಿನಲ್ಲಿ ನನಗೂ ಒಂದು ಪುಷ್‌ಅಪ್ ಬರುತ್ತಿರಲಿಲ್ಲ. ನೀನು ನೆಲದ ಮೇಲೆ ಮಾಡಲು ಹೋಗಬೇಡ. ಎತ್ತರದ ಜಗಲಿ ಕಟ್ಟೆ ಇದ್ದರೆ ಅದರ ಅಂಚಿಗೆ ಎರಡೂ ಕೈ ಊರು, ಕಾಲು ಹಿಂದೆ ಇಡು, ತಲೆಯಿಂದ ಹಿಮ್ಮಡಿವರೆಗೆ ಮೈಯನ್ನು ಹಲಗೆಯ ಹಾಗೆ ನೇರ ಇಟ್ಟುಕೊಂಡು ಎದೆ ಕಟ್ಟೆಗೆ ತಾಗುವವರೆಗೆ ನಿಧಾನ ಇಳಿ. ಇಳಿಯುವಾಗ ಒಂದು, ಎರಡು, ಮೂರು ಅಂತ ಎಣಿಸು. ಸೊಂಟ ಜೋಲದೆ ಹತ್ತು ಸಲ ಬಂದರೆ ಅದಕ್ಕಿಂತ ತಗ್ಗಿನ ಕಟ್ಟೆ, ಆಮೇಲೆ ಮೆಟ್ಟಿಲು, ಆಮೇಲೆ ಮಣೆ. ನಾನು ನೆಲಕ್ಕೆ ಇಳಿಯಲು ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ಸುಮ್ನೆ ಹೋಯಿತು ಅಂತ ಅನಿಸಲೇ ಇಲ್ಲ. ಪ್ರತಿ ವಾರ ಕಟ್ಟೆ ತಗ್ಗಾಗುತ್ತಿತ್ತು, ಅಷ್ಟು ಸಾಕಿತ್ತು.

ಭಾರಕ್ಕೆ ಹಳೆಯ ಶಾಲೆ ಚೀಲ ಸಾಕು. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ, ತೂಕ ನೋಡುವ ಕೆಲಸವೇ ಇಲ್ಲ. ಎರಡು ಬಾಟಲಿಯಿಂದ ಶುರು ಮಾಡು. ಚೀಲವನ್ನು ಎದೆಗೆ ಅಪ್ಪಿಕೊಂಡು ಬಸ್ಕಿ ಹೊಡೆ. ಹನ್ನೆರಡರಂತೆ ಮೂರು ಸೆಟ್ ಸಲೀಸಾಗಿ ಬಂದರೆ ಇನ್ನೊಂದು ಬಾಟಲಿ ಸೇರಿಸು, ಒಂದೇ. ಬೆನ್ನಿಗೆ ಅದೇ ಚೀಲವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಕಟ್ಟೆಗೆ ಊರಿ ಬಗ್ಗಿ, ಮೊಣಕೈ ಹಿಂದೆ ಹೋಗುವ ಹಾಗೆ ಪಕ್ಕೆಯ ಹತ್ತಿರ ಎಳೆ. ಪುಷ್‌ಅಪ್ ಎಲ್ಲರೂ ಮಾಡುತ್ತಾರೆ, ಎಳೆಯುವುದನ್ನು ಬಿಡುತ್ತಾರೆ. ಕಬಡ್ಡಿ ಆಡುವವಳಿಗೆ ಅದೇ ಜಾಸ್ತಿ ಬೇಕು.

ನನ್ನ ತಪ್ಪನ್ನೂ ಹೇಳುತ್ತೇನೆ. ಎರಡು ತಿಂಗಳಾದ ಮೇಲೆ ಎಲ್ಲ ಹಗುರ ಅನಿಸತೊಡಗಿತು. ಒಂದು ದಿನ ಉಗ್ರಾಣದಲ್ಲಿದ್ದ 25 ಕೆಜಿ ಅಕ್ಕಿ ಚೀಲವನ್ನು ನೆಲದಿಂದ ಎತ್ತಲು ಹೋದೆ. ಮೊಣಕಾಲು ನೆಟ್ಟಗೆ, ಬೆನ್ನು ಬಿಲ್ಲಿನ ಹಾಗೆ. ಸೊಂಟದ ಹತ್ತಿರ ಚಳಕ್ ಅಂತು. ಮೂರು ವಾರ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂರಲು ಆಗಲಿಲ್ಲ, ಆಯಿಯೇ ನನ್ನ ಪಾಲಿನದ್ದೂ ಸುಲಿದರು. ನೋವು ಹೋದ ಮೇಲೆ ಬಗ್ಗುವುದನ್ನು ಮೊದಲಿನಿಂದ ಕಲಿತೆ. ಒಂದು ಬಿದಿರು ಕೋಲನ್ನು ಬೆನ್ನ ಹಿಂದೆ ಉದ್ದಕ್ಕೆ ಹಿಡಿದುಕೋ. ಅದು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗಿನ ಎಲುಬು, ಈ ಮೂರು ಕಡೆ ತಾಗಿರಬೇಕು. ಮೊಣಕಾಲು ಸ್ವಲ್ಪ ಮಡಚಿ, ಕುಂಡೆಯನ್ನು ಹಿಂದಕ್ಕೆ ತಳ್ಳುತ್ತಾ ಬಗ್ಗು. ಕೋಲು ಒಂದು ಕಡೆ ಬಿಟ್ಟುಕೊಂಡರೂ ಅಲ್ಲೇ ನಿಲ್ಲು. ಇದು ಬರುವವರೆಗೆ ನೆಲದಿಂದ ಭಾರ ಎತ್ತಲೇಬೇಡ.

ಒಂದು ನೋಟ್‌ಬುಕ್ ಇಡು. ತಾರೀಖು, ಎಷ್ಟು ಬಾಟಲಿ, ಎಷ್ಟು ಸಲ. ಅಷ್ಟೇ ಬರೆದರೂ ಆಯ್ತು.

ಅಂಕೋಲಾದಿಂದ, ಪಿಟಿ ಮೇಷ್ಟ್ರಾಗಿದ್ದೆ:

ಮಗಳೇ, ಅಜ್ಜಿಯ ಮಾತಿಗೆ ಎದುರಾಡಬೇಡ, ಆ ಭಯಕ್ಕೆ ಒಂದು ಕಾರಣ ಇದೆ. ಬೆಳೆಯುವ ವಯಸ್ಸಿನಲ್ಲಿ ಉದ್ದ ಎಲುಬುಗಳ ತುದಿಯ ಹತ್ತಿರ ಮೆತ್ತನೆಯ ಭಾಗ ಇರುತ್ತದೆ, ಎಲುಬು ಉದ್ದ ಆಗುವುದು ಅಲ್ಲಿಂದ. ಅಲ್ಲಿಗೆ ದೊಡ್ಡ ಪೆಟ್ಟು ಬಿದ್ದರೆ ತೊಂದರೆ ಆಗಬಹುದು. ಆದರೆ ಸರಿಯಾದ ರೀತಿಯಲ್ಲಿ, ಅಳತೆಯಲ್ಲಿ ಮಾಡುವ ಕಸರತ್ತಿನಿಂದ ಎತ್ತರ ನಿಲ್ಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲೇ 5ರಿಂದ 17 ವರ್ಷದ ಮಕ್ಕಳು ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಎಲುಬು ಗಟ್ಟಿ ಮಾಡುವ ಚಟುವಟಿಕೆ ಮಾಡಬೇಕು ಅಂತ ಇದೆ. ಇದನ್ನು ಅಜ್ಜಿಗೆ ಓದಿ ಹೇಳು. ನಮ್ಮ ಜಿಲ್ಲೆಯ ಹಳಿಯಾಳದಲ್ಲಿ ಕುಸ್ತಿ ಕಲಿಯುವ ಮಕ್ಕಳೂ ದಂಡ, ಬಸ್ಕಿಯಿಂದಲೇ ಮೈ ಗಟ್ಟಿ ಮಾಡಿಕೊಳ್ಳುವುದು, ಅದನ್ನೂ ಹೇಳು.

ಒಂದು ಮಾತ್ರ ಮಾಡಲೇಬೇಡ. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ಅಂತ ಪರೀಕ್ಷೆ ಮಾಡಬೇಡ, ಗೆಳತಿಯರ ಜೊತೆ ಪಂದ್ಯ ಕಟ್ಟಿ ಅಂತೂ ಬೇಡವೇ ಬೇಡ. ಸೋಮವಾರ, ಬುಧವಾರ, ಶುಕ್ರವಾರ ಅರ್ಧ ಗಂಟೆ ಸಾಕು. ಮೊದಲ ಎರಡು ತಿಂಗಳಲ್ಲಿ ತೋಳು ದಪ್ಪ ಆಗಲಿಲ್ಲ ಅಂತ ಬೇಜಾರಾಗಬೇಡ, ಆಗ ಹೆಚ್ಚಾಗಿ ನರಗಳು ಸ್ನಾಯುವಿನಿಂದ ಕೆಲಸ ತೆಗೆಯುವುದನ್ನು ಕಲಿಯುತ್ತಿರುತ್ತವೆ, ಹಾಗಾಗಿ ಶಕ್ತಿ ಮೊದಲು ಬರುತ್ತದೆ. ಮಾರನೇ ದಿನ ತೊಡೆ ನೋಯುವುದು ಸಹಜ. ಗಂಟಿನಲ್ಲಿ ಚುಚ್ಚಿದ ಹಾಗೆ ನೋವು ಬಂದರೆ ನಿಲ್ಲಿಸು, ವಾರದಲ್ಲಿ ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗು.

ಕಾರವಾರದಿಂದ, ಒಬ್ಬ ಅಮ್ಮ:

ಊಟದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಮಗಳು ಹದಿನಾಲ್ಕಕ್ಕೆ ಶುರು ಮಾಡಿದಳು. ಕಸರತ್ತಿನ ಜೊತೆಗೇ ತೆಳ್ಳಗಾಗಬೇಕು ಅಂತ ರಾತ್ರಿ ಊಟ ಬಿಟ್ಟಳು, ನನಗೆ ಗೊತ್ತಾಗಲಿಲ್ಲ. ಮೂರು ತಿಂಗಳಲ್ಲಿ ತಲೆ ತಿರುಗಲು ಶುರುವಾಯಿತು, ಮುಟ್ಟು ನಿಂತಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ಹಿಮೋಗ್ಲೋಬಿನ್ ಕಡಿಮೆ ಇತ್ತು. ಊಟ ಸರಿ ಮಾಡಿದ ಮೇಲೆ ಎಲ್ಲ ಸರಿಯಾಯಿತು, ಆದರೆ ಆ ದಿನಗಳ ನನ್ನ ಹೆದರಿಕೆ ಇನ್ನೂ ಮರೆತಿಲ್ಲ. ಮುಟ್ಟು ತಪ್ಪಿದರೆ ಮುಚ್ಚಿಡಬೇಡ ಮಗಾ, ಅಮ್ಮನಿಗೆ ಹೇಳು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆಯನ್ನು ಎಸೆಯಬೇಡ.

ಡಬ್ಬದ ಪೌಡರಿಗೆ ದುಡ್ಡು ಹಾಕಬೇಡಿ. ನೂರು ಗ್ರಾಂ ಬಂಗಡೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನು ತುಟ್ಟಿ, ಆಗ ನಮ್ಮ ಮನೆಯಲ್ಲಿ ಮೊಟ್ಟೆ ಮತ್ತು ಮೊಳಕೆ ಹೆಸರುಕಾಳಿನ ಗಸಿ. ಮೀನು, ಮೊಟ್ಟೆ ತಿನ್ನದ ಮನೆಯಾದರೆ ಕಡಲೆ, ಶೇಂಗಾ, ತೊವ್ವೆ, ಮೊಸರು. ಅನ್ನ ಬಿಡುವುದು ಬೇಡ, ಆಡುವ ಮಕ್ಕಳಿಗೆ ಅನ್ನ ಬೇಕು.

ಹೊನ್ನಾವರದಿಂದ:

ಎರಡೇ ಮಾತು. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಪ್ಲಾಸ್ಟಿಕ್ ಚಾಪೆ ಹಾಸಿದರೆ ಜಾರುತ್ತದೆ, ಒರೆಸಿ ಬರಿಗಾಲಲ್ಲಿ ಮಾಡು. ಪುಲ್‌ಅಪ್ ಆಸೆಗೆ ಹಂಚಿನ ಮನೆಯ ಪಕಾಸಿಗೆ ಜೋತು ಬೀಳಬೇಡ, ಒಳಗೆ ಒರಲೆ ತಿಂದಿದ್ದು ಹೊರಗೆ ಕಾಣುವುದಿಲ್ಲ. ನಮ್ಮ ಮನೆಯಲ್ಲಿ ತಮ್ಮ ಹಾಗೆ ಬಿದ್ದು ಮಣಿಕಟ್ಟು ಮುರಿದುಕೊಂಡ.

ಕುಮಟಾದವಳು ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿಗೆ ಓದಿ ಹೇಳಿದೆ, ನೀರಿನ ಬಾಟಲಿ ಆದರೆ ಅಡ್ಡಿಲ್ಲ ಅಂದರು. ನಮ್ಮ ಜಗಲಿ ತೀರಾ ತಗ್ಗು. ಬಾವಿಕಟ್ಟೆ ಸರಿಯಾದ ಎತ್ತರ ಇದೆ, ಅದರ ಮೇಲೆ ಕೈ ಊರಬಹುದಾ?

ಶಿರಸಿ ಕಡೆಯಿಂದ:

ಬಾವಿಕಟ್ಟೆ ಬೇಡ ತಂಗಿ, ಖಂಡಿತಾ ಬೇಡ, ಪಾಚಿ ಕಟ್ಟಿರುತ್ತದೆ. ಮೊದಲ ಎರಡು ವಾರ ಗೋಡೆಗೇ ಕೈ ಊರು, ಪಾದ ಎರಡು ಹೆಜ್ಜೆ ಹಿಂದಿರಲಿ. ಆಮೇಲೆ ಅಡುಗೆಮನೆ ಕಟ್ಟೆ.