ಪ್ರಶ್ನೋತ್ತರ: ಕ್ವಿಬೆಕ್ ಕಡೆಯ ಮನೆತನದ ಹೆಸರು ಹುಡುಕುವುದು ಹೇಗೆ?

ಅಡ್ಮಿನ್: ಕೆನಡಾದ ಫ್ರೆಂಚ್ ಮಾತಾಡುವ ಪ್ರಾಂತ್ಯ ಕ್ವಿಬೆಕ್ ಕಡೆಯ ಗಂಡ, ಹೆಂಡತಿ, ಅಳಿಯ, ಸೊಸೆ ಇರುವವರು ಕೇಳಿ. ವಂಶಾವಳಿ ಹುಡುಕುವುದೇ ಕೆಲಸವಾಗಿರುವ ನಮ್ಮ ಅಕ್ಕ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಬೇಡ.

ದಾವಣಗೆರೆ ಸೊಸೆ: ಅಕ್ಕಾ, ನಮ್ಮವರ ಮನೆ ಹೆಸರು ಗ್ರೀನ್‌ವುಡ್, ಊರು ಮ್ಯಾಸಚೂಸೆಟ್ಸ್‌ನ ಲೋವೆಲ್. ಅತ್ತೆ ಮಾತ್ರ 'ನಾವು ಫ್ರೆಂಚರು' ಅಂತಾರೆ. ಆನ್‌ಲೈನ್‌ನಲ್ಲಿ ಸಿಕ್ಕ ವಂಶವೃಕ್ಷ ಸೀದಾ ಇಂಗ್ಲೆಂಡಿಗೆ ಹೋಗುತ್ತೆ. ಮಗಳ ಶಾಲೆ ಪ್ರಾಜೆಕ್ಟಿಗೆ ಅದನ್ನೇ ಬರೆಯಲಾ?

ಅಕ್ಕ: ಬೇಡಮ್ಮ, ಬರೆಯಬೇಡ. ಅತ್ತೆ ಮಾತೇ ನಿಜ ಇರಬಹುದು. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಹೋದರು, ಲೋವೆಲ್‌ನ ಬಟ್ಟೆ ಗಿರಣಿಗಳಲ್ಲಿ ಅವರು ಬೇಕಾದಷ್ಟು ಜನ ಇದ್ದರು. ಅಲ್ಲಿ ಬ್ವಾವೇರ್ ಅನ್ನುವ ಹೆಸರು ಗ್ರೀನ್‌ವುಡ್ ಆಯಿತು. ಬ್ವಾ ಅಂದರೆ ಕಾಡು, ವೇರ್ ಅಂದರೆ ಹಸಿರು. ಹಾಗೇ ರ್ವಾ ಹೋಗಿ ಕಿಂಗ್, ಲೆಬ್ಲಾಂ ಹೋಗಿ ವೈಟ್. ನನಗೆ ಕುತೂಹಲ ಇರುವುದು ಅದರಾಚೆ. ಬ್ವಾವೇರ್ ಕೂಡ ಮೂಲ ಹೆಸರು ಆಗಿರಲಿಕ್ಕಿಲ್ಲ. ನಮ್ಮ ಪೊಲೀಸ್ ಕಾಗದದಲ್ಲಿ 'ಉರುಫ್' ಅಂತ ಬರೀತಾರಲ್ಲ, ಕ್ವಿಬೆಕ್‌ನಲ್ಲಿ 'ದಿ' ಅಂತ ಬರೆಯುತ್ತಿದ್ದರು. ದ ನೆವೇರ್ ದಿ ಬ್ವಾವೇರ್ ಒಂದು ಮನೆತನ, ಜುಬಾಂ ದಿ ಬ್ವಾವೇರ್ ಬೇರೆಯದೇ. ಒಬ್ಬ ಮಗ ಹಳೇ ಹೆಸರು ಇಟ್ಟುಕೊಂಡ, ಅವನ ತಮ್ಮ ಉರುಫ್ ಹೆಸರು ಇಟ್ಟುಕೊಂಡ, ಎರಡು ತಲೆಮಾರು ಕಳೆದರೆ ಅವರು ದಾಯಾದಿಗಳು ಅಂತ ಊರಿಗೇ ಗೊತ್ತಿಲ್ಲ. ಸೈನಿಕರಿಗಂತೂ ಎಲ್ಲರಿಗೂ ಅಡ್ಡಹೆಸರು. 1665ರಲ್ಲಿ ಫ್ರಾನ್ಸಿನಿಂದ ಬಂದ ಕರಿನ್ಯಾಂ-ಸಾಲಿಯೇರ್ ಅನ್ನುವ ಸೈನ್ಯದ ಪಡೆಯ ಸುಮಾರು 1,200 ಜನರಲ್ಲಿ ಸುಮಾರು 400 ಮಂದಿ ಅಲ್ಲೇ ಉಳಿದರು.

ನೀನು ಒಂದೊಂದೇ ಮದುವೆ ಹಿಡಿದು ಹಿಂದಕ್ಕೆ ಹೋಗು. ಚರ್ಚಿನ ಮದುವೆ ದಾಖಲೆಯಲ್ಲಿ ಎರಡೂ ಕಡೆಯ ಅಪ್ಪ ಅಮ್ಮಂದಿರ ಹೆಸರು ಇರುತ್ತೆ, ಅಮ್ಮಂದಿರದು ತವರಿನ ಹೆಸರಲ್ಲೇ. ಪುರಸಭೆಯವನು ಗ್ರೀನ್‌ವುಡ್ ಅಂತ ಬರೆದಿದ್ದರೂ ಫ್ರೆಂಚ್ ಪಾದ್ರಿ ಬ್ವಾವೇರ್ ಅಂತ ಬರೆದಿರಬಹುದು. 'ಜೋಸೆಫ್' ಅಂತ ಮಾತ್ರ ಹುಡುಕಬೇಡ, ದೀಕ್ಷಾಸ್ನಾನದ ಪುಸ್ತಕದಲ್ಲಿ ಗಂಡುಮಕ್ಕಳೆಲ್ಲ ಜೋಸೆಫ್, ಹೆಣ್ಣುಮಕ್ಕಳೆಲ್ಲ ಮರೀ.

ಒಟ್ಟಾವಾ ಮಾವ: ಅಳಿಯ ಟ್ರಾಂಬ್ಲೆ. ಎಲ್ಲಿಂದ ಶುರು ಮಾಡಲಿ ಮೇಡಂ?

ಅಕ್ಕ: ಮದುವೆ ದಾಖಲೆ. ಮೇಲೆ ಬರೆದಿದ್ದೇನೆ. ನಿಮ್ಮದು ಸುಲಭ, ದಾರಿ 1657ರಲ್ಲಿ ಮದುವೆಯಾದ ಪಿಯೇರ್ ಟ್ರಾಂಬ್ಲೆಗೆ ಹೋಗಿ ಸೇರುತ್ತೆ.

ಹಳೇ ಮೈಸೂರು: ಫಾರ್ವರ್ಡ್ ಬಂದಿದೆ. ಹೆಸರಲ್ಲಿ 'ದ' ಇದ್ದರೆ ರಾಜವಂಶವಂತೆ, ದುಡ್ಡು ಕಟ್ಟಿದರೆ ಮನೆತನದ ಲಾಂಛನ ಕಳಿಸ್ತಾರಂತೆ.

ಅಕ್ಕ: ರಾಜವಂಶವೂ ಇಲ್ಲ, ಎಂಥದೂ ಇಲ್ಲ. ಎಷ್ಟೋ ಸಲ ಅದು 'ಇಂಥ ಊರಿನವ' ಅಂತ ಅಷ್ಟೇ. ಲಾಂಛನವನ್ನು ಕಾಫಿ ಲೋಟದ ಮೇಲೆ ಹಾಕಿಸಿಕೊಳ್ಳಿ, ವಂಶಾವಳಿಗೆ ತರಬೇಡಿ. ಡಿಎನ್‌ಎ ಪರೀಕ್ಷೆಯ 'ಹತ್ತಿರದ ನೆಂಟ' ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಲ್ಲಿನ ಫ್ರೆಂಚ್ ವಸಾಹತಿನ 1666ರ ಜನಗಣತಿಯಲ್ಲಿ ಇದ್ದಿದ್ದೇ 3,215 ಜನ. ಅವರ ಮಕ್ಕಳು ಮೊಮ್ಮಕ್ಕಳೇ ಮದುವೆಯಾಗಿ, ಎಲ್ಲರಿಗೂ ಎಲ್ಲರೂ ಐದಾರು ದಾರಿಯಲ್ಲಿ ನೆಂಟರು.

ಟೊರೊಂಟೊ ಟೆಕ್ಕಿ: ಅಲ್ಲಿಗೆ ಹೋದ 'ರಾಜನ ಹೆಣ್ಣುಮಕ್ಕಳು' ವೇಶ್ಯೆಯರು ಅಲ್ವಾ?

ದಾವಣಗೆರೆ ಸೊಸೆ: ನನ್ನ ಮಗಳ ಅಜ್ಜಿಯರ ಬಗ್ಗೆ ಮಾತಾಡ್ತಿದ್ದೀರಿ. ನಾಲಿಗೆ ಬಿಗಿ ಹಿಡೀರಿ.

ಟೊರೊಂಟೊ ಟೆಕ್ಕಿ: ಓದಿದ್ದು ಹೇಳಿದೆ, ಸಿಟ್ಯಾಕೆ?

ಹಳೇ ಮೈಸೂರು: ಓದಿದ್ದಲ್ಲ, ವಾಟ್ಸ್ಯಾಪಲ್ಲಿ ನೋಡಿದ್ದು.

ಟೊರೊಂಟೊ ಟೆಕ್ಕಿ: ಲಾಂಛನ ಮಾರುವವರು ಸುಮ್ನಿರಿ.

ಅಕ್ಕ: 1663ರಿಂದ 1673ರವರೆಗೆ ಫ್ರಾನ್ಸಿನ ರಾಜನ ಖರ್ಚಲ್ಲಿ ಮದುವೆಗೆಂದು ಬಂದ ಸುಮಾರು 800 ಹೆಣ್ಣುಮಕ್ಕಳು, ಬಹಳ ಮಂದಿ ತಂದೆ ಇಲ್ಲದವರು. ಆ ಕೊಳಕು ಮಾತು ಹಬ್ಬಿಸಿದ ಲಾಹೊಂತಾಂ ಅನ್ನುವ ಬ್ಯಾರನ್ ಅಲ್ಲಿಗೆ ಬಂದಿದ್ದೇ 1683ರಲ್ಲಿ. ಮುಗೀತು, ಮುಂದೆ ಬೆಳೆಸಬೇಡಿ.

ಮಂಗಳೂರು ಬಾಯಿ: ನಮ್ಮ ಸೊಸೆ ಕೆನಡಾದ ಪೂರ್ವ ಕರಾವಳಿಯ ಹಳೇ ಫ್ರೆಂಚ್ ನೆಲೆ ಅಕೇಡಿಯಾ ಕಡೆಯವಳು, 1755ರಲ್ಲಿ ಬ್ರಿಟಿಷರು ಓಡಿಸಿದವರ ಪೈಕಿ. ಅವರದೂ ಹೀಗೇ ಹುಡುಕಬಹುದಾ?

ಒಟ್ಟಾವಾ ಮಾವ: ಮೇಡಂ, ಮದುವೆ ದಾಖಲೆ ಎಲ್ಲಿ ಸಿಗುತ್ತೆ?

ಅಕ್ಕ: ಚರ್ಚಿನ ಪುಸ್ತಕದಲ್ಲಿ. ಮೂರನೇ ಸಲ ಕೇಳಬೇಡಿ.

ಹಳೇ ಮೈಸೂರು: ಲೋಟ ಎಲ್ಲಿ ಮಾಡಿಸೋದು?

ದಾವಣಗೆರೆ ಸೊಸೆ: ಅಕ್ಕಾ! ಅತ್ತೆ ಪೆಟ್ಟಿಗೆಯಲ್ಲಿ ಒಂದು ತಿಥಿ ಕಾರ್ಡು ಸಿಕ್ತು. ಬ್ವಾವೇರ್ ಅಂತಲೇ ಇದೆ.

ಅಕ್ಕ: ಹಿಂಬದಿಯದೂ ಫೋಟೋ ತೆಗೆದು ಹಾಕು. ಈಗಲೇ.